ಆಚೆ ಲೈನಿನ ಕವಲುತೋಕೆಗಳು

ಹೋದ ಡಿಸೆಂಬರಿನಲ್ಲಿ ಮೊಮ್ಮಗಳ ಜೊತೆ ರೈಲಿನಲ್ಲಿ ಹೋಗುತ್ತಿದ್ದೆ. ಬೆಳಗಿನ ಹೊತ್ತು ಯಾವುದೋ ಊರು ದಾಟುವಾಗ ಕಿಟಕಿಯಿಂದ ಬೆಂದ ಬಿದಿರಿನ ನಾತ ಒಳಗೆ ನುಗ್ಗಿತು. ಕೊಳೆತ ಎಲೆಕೋಸಿಗೆ ಸುಣ್ಣ ಕಲಸಿದಂಥ ವಾಸನೆ. ಬೋಗಿಯವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ಎತ್ತಿದೆ. "ಏನಜ್ಜಿ ಇದು?" ಎಂದು ಮೊಮ್ಮಗಳು ಮುಖ ಕಿವುಚಿದಳು. "ಕಾಗದ ಮಾಡೋ ವಾಸನೆ" ಎಂದೆ. ಅವಳು ಮತ್ತೆ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಭದ್ರಾವತಿಯ ಕಾಗದನಗರದಲ್ಲಿ ಕಳೆದ ಒಂದು ಚಳಿಗಾಲ ಇಡಿಯಾಗಿ ಎದುರು ಬಂದು ಕೂತಿತ್ತು.

ಅದು ಚೀನಾ ಯುದ್ಧದ ಚಳಿಗಾಲ. ನನಗೆ ಇಪ್ಪತ್ತೊಂದು. ಅಪ್ಪ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿದ್ದರು. ನಾವು ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿದ್ದೆವು. ಶಿವಮೊಗ್ಗದ ಕಾಲೇಜಿಗೆ ದಿನಾ ರೈಲಿನಲ್ಲಿ ಓಡಾಡಿ ಬಿ.ಎಸ್ಸಿ. ಮಾಡಿದ ನಾನು ಕೊನೆಯ ವರ್ಷ ಭೌತಶಾಸ್ತ್ರದಲ್ಲಿ ಫೇಲಾಗಿದ್ದೆ. ಮತ್ತೆ ಪರೀಕ್ಷೆ ಏಪ್ರಿಲಿನಲ್ಲಿ. ಅಲ್ಲಿಯವರೆಗೆ ಮಾಡಲು ಕೆಲಸವಿಲ್ಲ, ಓದಲು ಮನಸ್ಸಿಲ್ಲ. ಪುಸ್ತಕ ತೆರೆದರೆ ಅದೇ ಪುಟ, ಬಾಗಿಲು ತೆರೆದರೆ ಅದೇ ಬೀದಿ. ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಜವಾನರಿಗೆಂದು ಹಸಿರು ಉಲ್ಲನ್ ಸ್ವೆಟರ್ ಹೆಣೆಯುತ್ತಿದ್ದರು. ನನ್ನ ಕೈಗೂ ಕಡ್ಡಿ ಕೊಟ್ಟರು. ನಾನು ಹೆಣೆದ ತೋಳು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಬಿಚ್ಚಿ ಮತ್ತೆ ಹೆಣೆದೆ. ಮತ್ತೆ ಬಿಚ್ಚಿದೆ. ರೇಡಿಯೋ ಇದ್ದ ಮನೆಯ ಮುಂದೆ ಗಂಡಸರ ಗುಂಪು, ಮಾತು, ಮೌನ. ಊರಿಗೇ ಒಂದು ತಳಮಳ ಹಿಡಿದಿತ್ತು. ನನ್ನದು ಅದರೊಳಗೆ ಇನ್ನೊಂದು.

ಆಗ ಪ್ರತಿ ಭಾನುವಾರ ಮಧ್ಯಾಹ್ನದ ರೈಲಿಗೆ ಶಿವಮೊಗ್ಗದಿಂದ ವೀರಭದ್ರಪ್ಪನವರು ಬರುತ್ತಿದ್ದರು. ಅಪ್ಪನ ಊರಿನವರು, ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಲೈನ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಹಣೆಯಲ್ಲಿ ವಿಭೂತಿ, ಖಾಕಿ ಕೋಟು, ಕಂಕುಳಲ್ಲಿ ಇಲಾಖೆಯ ಹಳೆಯ ದಪ್ಪ ಪುಸ್ತಕ. ನಮ್ಮ ಮನೆಯಲ್ಲಿ ಕಾಫಿ ಕುಡಿದು, ರೈಲ್ವೆ ಗೇಟಿನಿಂದ ಕಾಗದನಗರದ ಕಮಾನಿನವರೆಗೆ ನಡೆಯುತ್ತಿದ್ದರು. ಆ ದಾರಿಯ ತಂತಿಗಳ ಮೇಲೆ ಕವಲುತೋಕೆಗಳು ಸಂಜೆ ಬಂದು ಕೂರುತ್ತಿದ್ದವು. ಬೆನ್ನು ನೀಲಿ, ಗಂಟಲು ಕೆಂಪು, ಬಾಲ ಕತ್ತರಿಯಂತೆ ಸೀಳಿದ ಪುಟ್ಟ ಹಕ್ಕಿಗಳು. ಮಳೆಗಾಲ ಮುಗಿಯುತ್ತಲೇ ಹಿಮಾಲಯದ ಆಚೆಯಿಂದ ಬಂದು ಬೇಸಿಗೆಗೆ ಮರಳುವಂಥವು. ಹಗಲೆಲ್ಲ ಗದ್ದೆ, ಹೊಳೆಯ ಮೇಲೆ ಹುಳ ಹಿಡಿದು, ಸೂರ್ಯ ಮುಳುಗುವಾಗ ಮೋಡದಂತೆ ಸುತ್ತಿ ತಂತಿಗೆ ಇಳಿದು, ಎಲ್ಲವೂ ಒಟ್ಟಿಗೆ ಚಿಲಿಪಿಲಿ ಹಾಡುತ್ತಿದ್ದವು. ಮಿಲ್ಲಿನ ಸೈರನ್ನು ಕೂಗಿದರೂ ಆ ಹಾಡು ಅದರ ಕೆಳಗೆ ಕೇಳುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ವರ್ಷದಿಂದ ಪ್ರತಿ ಚಳಿಗಾಲ ಅವರು ಅವನ್ನು ಎಣಿಸುತ್ತಿದ್ದರು. ಅದೇ ದಾರಿ, ಅದೇ ಕಂಬಗಳು, ಅದೇ ಹೊತ್ತು. ಕೋಟಿನ ಬಲ ಜೇಬಿನಲ್ಲಿ ಹುಣಿಸೆ ಬೀಜ. ಹತ್ತು ಹಕ್ಕಿಗೆ ಒಂದು ಬೀಜ ಎಡ ಜೇಬಿಗೆ. ಹಕ್ಕಿಗಳ ಗಲಾಟೆಯಲ್ಲಿ ಲೆಕ್ಕ ತಪ್ಪದಿರಲಿ ಎಂದು.

"ಸುಮ್ನೆ ಕೂತ್ರೆ ಮನಸ್ಸಿಗೆ ತುಕ್ಕು ಹಿಡೀತದೆ ಮಾರಾಯ್ತಿ. ಬಾ, ನಾನು ಹೇಳ್ತೀನಿ, ನೀನು ಬರ್ಕೊ" ಎಂದರು ಒಂದು ಭಾನುವಾರ. ಮನೆಯಿಂದ ಹೊರಬೀಳಲು ಅಷ್ಟು ಸಾಕಿತ್ತು ನನಗೆ.

ಆ ದಾರಿಯಲ್ಲಿ ಎರಡು ಸಾಲು ಕಂಬಗಳಿದ್ದವು. ರಸ್ತೆಯ ಪಕ್ಕದಲ್ಲೇ ಟೆಲಿಗ್ರಾಫ್ ಲೈನು, ಅದು 'ಈಚೆ'. ಚರಂಡಿ ದಾಟಿ, ಗದ್ದೆಯ ಅಂಚಿನಲ್ಲಿ ಎತ್ತರದ ವಿದ್ಯುತ್ ಲೈನು, ಅದು 'ಆಚೆ'. ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣ. ಅವರು ನಿಂತು, ಕತ್ತೆತ್ತಿ, ತುಟಿ ಅಲುಗಿಸಿ, ಬೀಜ ಬದಲಿಸಿ ಸಂಖ್ಯೆ ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ. ಮೇಲೆ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ.

"ಕಮ್ಮಿ ಆಗ್ತಾ ಇದಾವೆ ಸರೋಜ" ಎಂದು ಪ್ರತಿ ಸಲ ಹೇಳುತ್ತಿದ್ದರು. "ಐದಾರು ವರ್ಷದಿಂದ ಇಳೀತಾನೇ ಇದೆ. ಎಲ್ಲಾ ಆ ಪುಡಿ ಕೆಲಸ."

ಪುಡಿ ಎಂದರೆ ಡಿಡಿಟಿ. ಮಲೇರಿಯಾ ಸಿಬ್ಬಂದಿ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಮನೆ ಮನೆಯ ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಗೀಚಿ ಹೋಗುತ್ತಿದ್ದ ಕಾಲ. ಹುಳ ಸತ್ತ ಮೇಲೆ ಹುಳ ತಿನ್ನುವ ಹಕ್ಕಿ ಉಳಿಯುವುದು ಹೇಗೆ ಎಂಬುದು ಅವರ ವಾದ. ಶಿವಮೊಗ್ಗದ ಒಂದು ವಾರಪತ್ರಿಕೆಗೆ ಆ ಬಗ್ಗೆ ಪತ್ರವನ್ನೂ ಬರೆದಿದ್ದರು. ಅದನ್ನು ಓದಿ ಅವರ ಬೀದಿಯ ಕೆಲವು ಮನೆಯವರು ಪಂಪಿನವರಿಗೆ ಬಾಗಿಲು ತೆರೆಯುವುದನ್ನು ನಿಲ್ಲಿಸಿದ್ದರು. ಮುಂದಿನ ಸುತ್ತಿಗೆ ಇಡೀ ಬೀದಿಯೇ ಬಾಗಿಲು ಹಾಕುತ್ತದೆ ಎಂಬ ಮಾತಿತ್ತು. ಇದೆಲ್ಲವನ್ನೂ ಸೇರಿಸಿ ಮುಂಬಯಿಯ ಒಂದು ಪಕ್ಷಿಸಂಘಕ್ಕೆ ದೊಡ್ಡ ವರದಿ ಕಳಿಸಬೇಕೆಂದು ಅವರು ಸಿದ್ಧತೆ ನಡೆಸಿದ್ದರು.

ಒಮ್ಮೆ ಕೇಳಿಬಿಟ್ಟೆ, "ಪುಡಿ ಬಂದ ಮೇಲೆ ಚಳಿಜ್ವರ ನಿಂತಿದೆಯಲ್ಲ?"

ಅವರು ಜೇಬಿನ ಬೀಜಗಳನ್ನು ಹೊರಗೆ ತೆಗೆದು ನೋಡಿ, ಮತ್ತೆ ಒಳಗೆ ಹಾಕಿದರು. ಆಮೇಲೆ ಹೇಳಿದರು: "ನನ್ನ ಹೆಂಡತಿ ಹೋಗಿದ್ದು ಚಳಿಜ್ವರದಲ್ಲೇ. ಘಟ್ಟದ ಮೇಲೆ ಲೈನ್ ಕ್ಯಾಂಪಲ್ಲಿದ್ವಿ. ಆ ಪುಡಿ ಎರಡು ವರ್ಷ ಮೊದಲು ಬಂದಿದ್ರೆ ಅವಳು ಇವತ್ತು ನಿನಗೆ ಕಾಫಿ ಕೊಡ್ತಿದ್ಲು. ಗೊತ್ತು ನನಗೆ. ಆದ್ರೆ ಕಂಡದ್ದನ್ನ ಬರೀಬೇಕಲ್ಲ ಸರೋಜ. ನನಗೆ ಬೇಕಾದ್ದನ್ನ ಬರೆಯೋಕಾಗಲ್ಲ."

ಡಿಸೆಂಬರಿನ ಒಂದು ಭಾನುವಾರ ಅವರು ಬರಲಿಲ್ಲ. ನೆಗಡಿ, ಜ್ವರ ಎಂದು ಪರಿಚಯದ ರೈಲು ಗಾರ್ಡಿನ ಕೈಯಲ್ಲಿ ಪುಸ್ತಕ ಕಳಿಸಿ, "ಸರಪಳಿ ಕಡೀಬಾರದು, ನೀನೇ ಎಣಿಸು" ಎಂದು ಚೀಟಿ ಇಟ್ಟಿದ್ದರು. ನಾನು ಅಡುಗೆಮನೆಯ ಹುಣಿಸೆ ಬೀಜ ತೆಗೆದುಕೊಂಡು ಹೋದೆ. ಮೊದಲ ಸಲ ಸರಿಯಾಗಿ ತಲೆಯೆತ್ತಿ ನೋಡಿದೆ. ಈಚೆ ಲೈನು ಹಿಂದಿನ ವಾರದಷ್ಟೇ ಇತ್ತು. ಆಚೆ ಲೈನಿಗೆ ಬಂದಾಗ ನನ್ನ ಬೀಜಗಳೇ ಮುಗಿದುಹೋದವು. ಕಂಬದಿಂದ ಕಂಬಕ್ಕೆ ತೋರಣ ಕಟ್ಟಿದ ಹಾಗೆ ಒತ್ತೊತ್ತಾಗಿ ಕೂತಿದ್ದವು. ರಸ್ತೆಯ ಕಲ್ಲು ಹೆಕ್ಕಿ ಬೀಜದ ಬದಲು ಬಳಸಿದೆ. ಬಂದ ಮೊತ್ತ ನೋಡಿ ನನಗೇ ನಂಬಿಕೆ ಬರಲಿಲ್ಲ. ಮತ್ತೆ ಮೊದಲಿಂದ ನಡೆದೆ. ಹೆಚ್ಚುಕಡಿಮೆ ಅಷ್ಟೇ.

ಮುಂದಿನ ವಾರ ಬಂದ ವೀರಭದ್ರಪ್ಪನವರು ಪುಟ ನೋಡಿ ನಕ್ಕರು. "ಹೊಸಬರು ಜಾಸ್ತೀನೇ ಎಣಿಸ್ತಾರೆ. ಕೂತಿದ್ದನ್ನೂ ಎಣಿಸಿ, ಹಾರಿ ಬಂದು ಕೂತ್ರೆ ಅದನ್ನೂ ಎಣಿಸ್ತಾರೆ." ಆ ಪುಟದ ಮೇಲೆ ಒಂದು ಓರೆ ಗೆರೆ ಎಳೆದರು.

ಫೇಲಾದ ಹುಡುಗಿ ನಾನು. ಆ ಗೆರೆ ನನ್ನ ಮೇಲೆಯೇ ಎಳೆದಂತಾಯಿತು. ಆದರೆ ಆ ಸಂಜೆ ಅವರು ಎಣಿಸುವಾಗ ನಾನೂ ಒಳಗೊಳಗೇ ಎಣಿಸಿದೆ. ಅವರು ಆಚೆ ಲೈನಿನ ಮೂರನೆಯ ಕಂಬ ನೋಡಿ "ಖಾಲಿ" ಎಂದರು. ಅಲ್ಲಿ ಹಕ್ಕಿಗಳು ಸಾಲುಗಟ್ಟಿ ಕೂತು ರೆಕ್ಕೆ ಕೆದರಿಕೊಳ್ಳುತ್ತಿದ್ದವು. ನಾನು ಪುಸ್ತಕದಲ್ಲಿ ಸೊನ್ನೆ ಬರೆದೆ.

ರೈಲ್ವೆ ಗೇಟಿನ ಹತ್ತಿರ, ಆಚೆ ಲೈನಿನ ಕೆಳಗೇ ಮುನಿಯಮ್ಮನ ಚಹಾ ಅಂಗಡಿ ಇತ್ತು. ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವನ ಹೆಂಡತಿ, ಹತ್ತು ವರ್ಷದಿಂದ ಅಲ್ಲೇ. ಮರುದಿನ ಬೆಳಿಗ್ಗೆ ಅವಳ ಮುಂದೆ ನಿಂತು, ಈ ಹಕ್ಕಿಗಳು ಮೊದಲಿಗಿಂತ ಕಡಿಮೆಯಾಗಿವೆಯೇ ಎಂದು ಕೇಳಿದೆ.

ಅವಳು ಪೊರಕೆ ಎತ್ತಿ ಹಿಡಿದಳು. "ಕಮ್ಮೀನಾ? ಯಾರಮ್ಮಾ ಹಂಗೆ ಹೇಳಿದ್ದು? ದಿನಾ ಕಾಲೈಲಿ ಎದ್ದು ಬಂದ್ರೆ ಬೆಂಚೆಲ್ಲಾ ಬಿಳಿ ಬಿಳಿ. ತೊಳ್ದು ತೊಳ್ದು ನನ್ ಕೈ ಸವ್ದೋಯ್ತು. ಹೋದ್ ವರ್ಷ ಎರಡು ಬಕೆಟ್ ನೀರು, ಈ ವರ್ಷಾನೂ ಎರಡು ಬಕೆಟ್ಟೇ. ಕಮ್ಮಿ ಆದ್ರೆ ಹೇಳಮ್ಮಾ, ಮುರುಗನ್‌ಗೆ ತೆಂಗಿನಕಾಯಿ ಒಡೀತೀನಿ."

ಮನೆಗೆ ಓಡಿದೆ. ಪುಸ್ತಕ ಆ ವಾರ ನನ್ನ ಬಳಿಯೇ ಉಳಿದಿತ್ತು. ಸ್ವೆಟರಿನ ಉಲ್ಲನ್ ಉಂಡೆಗಳನ್ನು ಬದಿಗೆ ಸರಿಸಿ, ಹದಿನೇಳು ಚಳಿಗಾಲಗಳ ಪುಟಗಳನ್ನು ನೆಲದ ಮೇಲೆ ಬಿಡಿಸಿ ಕೂತೆ. ಈಚೆ ಲೈನಿನ ಅಂಕಣ ವರ್ಷದಿಂದ ವರ್ಷಕ್ಕೆ ಸ್ವಲ್ಪ ಏರಿ, ಸ್ವಲ್ಪ ಇಳಿದು, ಒಟ್ಟಾರೆ ಇದ್ದಲ್ಲೇ ಇತ್ತು. ಇಳಿದದ್ದೆಲ್ಲ ಆಚೆ ಲೈನಿನಲ್ಲಿ. ಅದೂ ಮೊದಲು ಎತ್ತರದ ತಂತಿಯಲ್ಲಿ, ಆಮೇಲೆ ಅದರ ಕೆಳಗಿನದರಲ್ಲಿ. ಪಕ್ಕದಲ್ಲಿ ಅವರದೇ ಅಕ್ಷರ: 'ಗದ್ದೆಗೆ ಹತ್ತಿರ, ಪುಡಿಯ ಪ್ರಭಾವ ಹೆಚ್ಚು.' ಒಂದೇ ಗದ್ದೆಯ ಹುಳ ತಿನ್ನುವ ಹಕ್ಕಿ ದೂರದ ತಂತಿಯಿಂದ ಮಾತ್ರ ಹೇಗೆ ಮಾಯವಾದೀತು? ಹಕ್ಕಿ ಕಡಿಮೆಯಾಗಿರಲಿಲ್ಲ. ದೂರ ಹೆಚ್ಚಾಗಿತ್ತು, ಅವರ ಕಣ್ಣಿಗೆ.

ಆಮೇಲೆ ಒಂದೊಂದೇ ನೆನಪಾಯಿತು. ಅಪ್ಪ ಎದುರಿಂದ ಬರುತ್ತಿದ್ದರೆ ಹತ್ತಿರ ಬಂದು ಮಾತಾಡುವವರೆಗೂ ಅವರು ಗುರುತು ಹಿಡಿಯುತ್ತಿರಲಿಲ್ಲ. ಆದರೆ ಪತ್ರಿಕೆಯ ಸಣ್ಣಕ್ಷರವನ್ನು ಕನ್ನಡಕವಿಲ್ಲದೆ ಓದಿ, "ಅರವತ್ತು ದಾಟಿದ ಮೇಲೆ ಕಣ್ಣು ಹೊಸದಾಗಿದೆ ನೋಡು" ಎಂದು ಬೀಗುತ್ತಿದ್ದರು. ಕಣ್ಣಿಗೆ ಪೊರೆ ಬೆಳೆಯುವಾಗ ಕೆಲವರಿಗೆ ಹತ್ತಿರದ್ದು ಹೀಗೆ ಚೆನ್ನಾಗಿ ಕಾಣುತ್ತದೆ ಎಂದು ಎಷ್ಟೋ ಕಾಲದ ಮೇಲೆ ಒಬ್ಬ ವೈದ್ಯರು ನನಗೆ ಹೇಳಿದರು.

ಅಪ್ಪನಿಗೆ ವಿಷಯ ಹೇಳಿದೆ. ಅವರು ಬೆವರಿನ ಅಂಗಿ ಬಿಚ್ಚುತ್ತ ಅರ್ಧಕ್ಕೇ ನಿಂತರು. "ಅವರಿಗೆ ಅದೊಂದೇ ಇರೋದು ಮಗಾ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಹದಿನೇಳು ವರ್ಷದ ಕೆಲಸ. ನೀನು ಸುಮ್ನಿರು."

"ಆ ಬೀದೀಲಿ ಬಾಗಿಲು ಹಾಕ್ತಾರಲ್ಲಪ್ಪ."

ಅಪ್ಪ ಅಂಗಿಯನ್ನು ಗೂಟಕ್ಕೆ ಹಾಕಿ ಬಚ್ಚಲಿಗೆ ಹೋದರು. ಎರಡು ದಿನ ನಾನು ಮನೆಯೊಳಗೆ ಅತ್ತಿಂದಿತ್ತ ಓಡಾಡಿದೆ. ಅಮ್ಮ "ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದು ರೇಗಿದರು. ಮೂರನೆಯ ದಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ತಂತಿಗಳು ಏಳುತ್ತ ಬೀಳುತ್ತ ನನ್ನ ಜೊತೆಗೇ ಬಂದವು.

ಹೊಸಮನೆಯಲ್ಲಿ ಅವರ ಮನೆ ಹುಡುಕಿದೆ. ಪಕ್ಕದ ಮನೆಯ ಜಗಲಿಯಲ್ಲಿ ಗಿರಿಜಮ್ಮ ಎಂಬುವರು ಅವರೆಕಾಯಿ ಸುಲಿಯುತ್ತಿದ್ದರು. ವೀರಭದ್ರಪ್ಪನವರ ಮನೆ ತೋರಿಸಿ, ಕೇಳದಿದ್ದರೂ ಹೇಳಿದರು: "ನಾವೂ ಪಂಪಿನವರನ್ನ ಒಳಗೆ ಬಿಡಲ್ಲಮ್ಮ. ಈ ಯಜಮಾನರು ಪತ್ರಿಕೇಲಿ ಬರೆದಿದಾರಲ್ಲ. ಓದಿದವರು, ಸುಳ್ಳು ಹೇಳ್ತಾರಾ?" ಒಳಗೆ ಅವರ ಸೊಸೆ ತೊಟ್ಟಿಲು ತೂಗುತ್ತಿದ್ದಳು.

ವೀರಭದ್ರಪ್ಪನವರು ಮುಂಬಯಿಯ ವರದಿಯನ್ನು ಶುದ್ಧಪ್ರತಿ ಮಾಡುತ್ತ ಕೂತಿದ್ದರು. ನಾನು ಕೂರಲೂ ಇಲ್ಲ. ಪುಸ್ತಕ ಬಿಚ್ಚಿ, ಎರಡು ಅಂಕಣಗಳ ಮೇಲೆ ಬೆರಳಿಟ್ಟು, ಮುನಿಯಮ್ಮನ ಎರಡು ಬಕೆಟ್ಟನ್ನೂ ಬಿಡದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಕೊನೆಗೆ, "ನಿಮಗೆ ಆಚೆ ಲೈನು ಕಾಣ್ತಿಲ್ಲ ಅನಿಸುತ್ತೆ" ಎಂದೆ.

ಅವರ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಪತ್ರಿಕೆ ಎತ್ತಿಕೊಂಡು ಸಣ್ಣಕ್ಷರದ ಯುದ್ಧದ ಸುದ್ದಿಯೊಂದನ್ನು ಗಟ್ಟಿಯಾಗಿ, ತಡವರಿಸದೆ ಓದಿದರು. "ಕಣ್ಣಿಲ್ಲದವನು ಓದೋದಾ ಇದನ್ನ? ಮೂವತ್ತು ವರ್ಷ ತಂತಿ ನೋಡಿದ ಕಣ್ಣು ಇದು. ನೀನು ನಿನ್ನೆ ಮೊನ್ನೆ ಎಣಿಸೋಕೆ ಶುರು ಮಾಡಿದೋಳು."

"ಹೌದು" ಎಂದೆ. ಅಳು ಬರುವ ಹಾಗಿತ್ತು. ಪುಸ್ತಕ ಅವರ ಮೇಜಿನ ಮೇಲಿಟ್ಟು ಹೊರಟೆ.

ಬಾಗಿಲು ದಾಟುವಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅವರು ನನ್ನನ್ನು ದಾಟಿ ಬೀದಿಗೆ ಇಳಿದರು. ನಡುಬೀದಿಯಲ್ಲಿ ನಿಂತು ತಲೆಯೆತ್ತಿದರು. ಬಲಗಣ್ಣಿಗೆ ಅಂಗೈ ಮುಚ್ಚಿದರು. ಎಡಗಣ್ಣಿಗೆ ಮುಚ್ಚಿದರು. ಬೀದಿಯ ಕೊನೆಯಲ್ಲಿ, ಅಡ್ಡರಸ್ತೆಯ ಮೇಲೆ ಟೆಲಿಗ್ರಾಫ್ ತಂತಿ ಹಾದಿತ್ತು. ಗಿರಿಜಮ್ಮ ಅವರೆಕಾಯಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ಅಲ್ಲಿ ಹಕ್ಕಿ ಇದಾವಾ?" ಎಂದು ವೀರಭದ್ರಪ್ಪನವರು ಕೇಳಿದರು.

"ಇಲ್ಲ. ತಂತಿ ಮೇಲೆ ಒಂದು ಹರಿದ ಗಾಳಿಪಟ ಇದೆ."

ಅವರು ಮತ್ತೆ ನೋಡಿದರು. ಎಷ್ಟೋ ಹೊತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದರು, "ಸರೋಜ, ನನಗೆ ತಂತೀನೇ ಕಾಣ್ತಿಲ್ಲ."

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನು ಒಬ್ಬಳೇ ಹೋಗಿ ಎಣಿಸಿ, ಹಾಳೆಯ ಮೇಲೆ ಬರೆದು ಮಡಿಚಿಟ್ಟೆ. ಅಪ್ಪ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರೈಲಿನ ಶಬ್ದ ಕೇಳಿದಾಗಲೆಲ್ಲ ಗೇಟಿನ ಕಡೆ ನೋಡುವುದು ಅಭ್ಯಾಸವಾಯಿತು. ಸತ್ಯ ಹೇಳಿದ್ದೇನೆ ಎಂಬ ಸಮಾಧಾನ ಒಂದು ಗಳಿಗೆ. ಒಬ್ಬ ಮುದುಕನ ಮನೆ ಕೆಡವಿ ಬಂದೆ ಎಂಬ ಸಂಕಟ ಮರುಗಳಿಗೆ.

ಮೂರನೆಯ ಭಾನುವಾರ ಬಂದರು. ಅದೇ ಕೋಟು, ಅದೇ ಪುಸ್ತಕ. ಕಾಫಿ ಲೋಟ ಕೆಳಗಿಟ್ಟು, ಅಪ್ಪನ ಮುಂದೆಯೇ ಹೇಳಿದರು: "ಪೊರೆ ಬಂದಿದೆಯಂತೆ, ಎರಡೂ ಕಣ್ಣಿಗೆ. ಡಾಕ್ಟರು ಬೇಸಿಗೇಲಿ ತೆಗೀತಾರಂತೆ. ಅಲ್ಲೀವರೆಗೆ ಇಬ್ಬರೂ ಎಣಿಸೋಣ. ನನಗೆ ಕಂಡಷ್ಟು ನಾನು, ನಿನಗೆ ಕಂಡಷ್ಟು ನೀನು. ಒಬ್ಬರದು ಒಬ್ಬರು ನೋಡಬಾರದು. ನಾನು ಎಷ್ಟು ಕಳಕೊಂಡಿದೀನಿ ಅಂತ ಗೊತ್ತಾಗ್ಲಿ."

ಹಾಗೆಯೇ ಮಾಡಿದೆವು. ಬೆನ್ನಿಗೆ ಬೆನ್ನು ಹಾಕಿ ಬರೆದು, ಕಮಾನಿನ ಕೆಳಗೆ ಹೋಲಿಸುವುದು. ಪ್ರತಿ ವಾರ ಅವರ ಆಚೆ ಲೈನು ಬಹುತೇಕ ಬರಿದು, ನನ್ನದು ತುಂಬಿತ್ತು. ಅವರು ನನ್ನ ಸಂಖ್ಯೆಯನ್ನು ಕೇಳಿ ತಲೆಯಾಡಿಸುವಾಗ ಮುಖದಲ್ಲಿ ನೋವು, ಸಂತೋಷ ಎರಡೂ ಇರುತ್ತಿದ್ದವು. "ಇದಾವಲ್ಲ" ಎನ್ನುತ್ತಿದ್ದರು. "ಇದಾವಲ್ಲ ಮಾರಾಯ್ತಿ."

ಫೆಬ್ರವರಿಯಲ್ಲಿ ಅವರ ಬೀದಿಗೆ ಪಂಪಿನವರು ಬರುವ ದಿನ ಗೊತ್ತಾಯಿತು. ಅಂದು ಬೆಳಿಗ್ಗೆ ನಾನೂ ಹೋಗಿದ್ದೆ. ವೀರಭದ್ರಪ್ಪನವರು ಸ್ನಾನ, ಪೂಜೆ ಮುಗಿಸಿ, ಗೋಡೆ ಹಿಡಿದು ನಡೆಯುತ್ತ ಒಂದೊಂದೇ ಮನೆಯ ಬಾಗಿಲು ತಟ್ಟಿದರು. "ನನ್ನ ಲೆಕ್ಕ ತಪ್ಪಾಗಿತ್ತು, ಪಂಪಿನವರನ್ನ ಒಳಗೆ ಬಿಡಿ" ಎಂದರು. ಕೆಲವರು ಸುಮ್ಮನೆ ಒಪ್ಪಿದರು. ಮೂಲೆಮನೆಯ ಜವಳಿ ವ್ಯಾಪಾರಿ ಮಾತ್ರ ಎಲ್ಲರಿಗೂ ಕೇಳುವಂತೆ ನಕ್ಕ.

"ಅವತ್ತು ಬೇಡ ಅಂದ್ರಿ, ಇವತ್ತು ಬೇಕು ಅಂತೀರಿ. ಯಾವುದನ್ನ ನಂಬೋದು ಯಜಮಾನ್ರೇ?"

"ಇವತ್ತಿನದನ್ನ. ಅವತ್ತು ನನಗೆ ಕಾಣ್ತಿರಲಿಲ್ಲ."

"ಇವತ್ತು ಕಾಣ್ತದಾ?"

"ಇವತ್ತೂ ಕಾಣಲ್ಲ. ಕಾಣಲ್ಲ ಅನ್ನೋದು ಗೊತ್ತಾಗಿದೆ."

ಗಿರಿಜಮ್ಮ ಎದ್ದು, ಸೊಸೆ ಮತ್ತು ಮಗುವನ್ನು ಹಿತ್ತಲಿಗೆ ಕಳಿಸಿ, ಪಾತ್ರೆಗಳನ್ನು ಹೊರಗೆ ತಂದಿಟ್ಟು, ಬಾಗಿಲನ್ನು ಹಾರುಹೊಡೆದು ತೆರೆದರು. ವ್ಯಾಪಾರಿಯ ಹೆಂಡತಿಯೂ ಗಂಡನ ಹಿಂದಿನಿಂದ ಬಂದು ತಮ್ಮ ಮನೆಯ ಚಿಲಕ ತೆಗೆದಳು.

ವೀರಭದ್ರಪ್ಪನವರು ಮುಂಬಯಿಗೆ ಕಳಿಸಿದ ವರದಿಯನ್ನು ನಾನೇ ಬರೆದುಕೊಟ್ಟೆ. ಈಚೆ ಲೈನಿನ ಅಂಕಿಗಳನ್ನು ನಂಬಬಹುದು, ಕಳೆದ ವರ್ಷಗಳ ಆಚೆ ಲೈನಿನ ಅಂಕಿಗಳನ್ನು ನಂಬಬಾರದು ಎಂದು ಹೇಳಿಸಿದರು. "ಹಾಗಾದ್ರೆ ಕಡಿಮೆಯಾಗಿಲ್ಲ ಅಂತ ಬರೆಯಲಾ?" ಎಂದೆ. "ಬೇಡ. ಗೊತ್ತಿಲ್ಲ ಅಂತ ಬರಿ" ಎಂದರು. "ಪುಡಿ ಒಳ್ಳೇದು ಅಂತಾನೂ ನಾನು ಹೇಳ್ತಿಲ್ಲ. ನನ್ನ ಪುಸ್ತಕ ಅದನ್ನ ಹೇಳಲ್ಲ, ಅಷ್ಟೆ." ಆ ಪುಡಿ ಹಕ್ಕಿಗಳಿಗೆ ಮಾಡುವ ಕೇಡನ್ನು ಜಗತ್ತು ಆಮೇಲೆ ಬೇರೆ ದಾರಿಗಳಿಂದ ತಿಳಿದುಕೊಂಡಿತು. ಅವರ ಭಯ ಹುಸಿಯಾಗಿರಲಿಲ್ಲ. ಸಾಕ್ಷಿ ಮಾತ್ರ ಅವರ ಬಳಿ ಇರಲಿಲ್ಲ. ಇದೆ ಎಂದು ಅವರು ನಟಿಸಲೂ ಇಲ್ಲ.

ಮಾರ್ಚ್ ಮುಗಿಯುವಾಗ ಅವರ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ನಾನು ಕೊನೆಗೂ ಪುಸ್ತಕ ಹಿಡಿದು ಕೂತು ಓದಿದೆ. ಬೆಳಕು, ಮಸೂರ, ಬಿಂಬ ಎಂಬ ಪಾಠಗಳು ಈಗ ಯಾರದೋ ಕಷ್ಟದ ಕತೆಯಂತೆ ಅರ್ಥವಾದವು. ಪರೀಕ್ಷೆ ಬರೆದೆ. ಜೂನಿನಲ್ಲಿ ಪಾಸಾಗಿ, ದೂರದೂರಿನ ಹೈಸ್ಕೂಲಿಗೆ ಟೀಚರಾಗಿ ಹೊರಟುಹೋದೆ.

ಪರೀಕ್ಷೆ ಮುಗಿದ ವಾರ, ಏಪ್ರಿಲಿನ ಕೊನೆಯ ಭಾನುವಾರ, ಅವರು ರೈಲಿನಿಂದ ಇಳಿದರು. ಬಾಟಲಿಯ ತಳದಂಥ ದಪ್ಪ ಕನ್ನಡಕ. ಆ ಗಾಜಿನಲ್ಲಿ ನೆಲ ಹತ್ತಿರ ಬಂದಂತೆ ಕಂಡು ಪ್ಲಾಟ್‌ಫಾರ್ಮಿನ ಮೆಟ್ಟಿಲಲ್ಲಿ ಎಡವಿದರು. ನನ್ನ ತೋಳು ಹಿಡಿದುಕೊಂಡರು. ಬಿಸಿಲು ಇನ್ನೂ ಇತ್ತು. ಗೇಟು ದಾಟಿ, ಮುನಿಯಮ್ಮನ ಅಂಗಡಿ ದಾಟಿ, ಮೊದಲ ಕಂಬದ ಕೆಳಗೆ ನಿಂತೆವು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನಿಧಾನಕ್ಕೆ ಗದ್ದೆಯ ಕಡೆ ತಿರುಗಿ, ಗಲ್ಲ ಎತ್ತಿ, ಆಚೆ ಲೈನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಅವರ ತುಟಿ ಅಲುಗಲಿಲ್ಲ. ಜೇಬಿನ ಕೈ ಹೊರಗೆ ಬರಲಿಲ್ಲ.

"ಮೂರು ತಂತಿ" ಎಂದರು. "ಮೂರೂ ಕಾಣ್ತವೆ. ನಾಲ್ಕನೇ ಕಂಬದಲ್ಲಿ ತಂತಿ ಹಿಡಿಯೋ ಪಿಂಗಾಣಿ ಒಂದು ಒಡೆದಿದೆ, ನೋಡಿದೀಯಾ?"

ನಾನು ನೋಡಿರಲಿಲ್ಲ. ಈಗ ನೋಡಿದೆ. ಒಡೆದಿತ್ತು.

ಕವಲುತೋಕೆಗಳು ಹಿಂದಿನ ವಾರವೇ ಉತ್ತರಕ್ಕೆ ಹೊರಟುಹೋಗಿದ್ದವು. ಇಡೀ ದಾರಿ ನಡೆದರೂ ತಂತಿಗಳ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಕಮಾನಿನ ಕೆಳಗೆ ಅವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಬರ್ಕೊ. ಈಚೆ ಸೊನ್ನೆ. ಆಚೆ ಸೊನ್ನೆ." ಒಂದು ಕ್ಷಣ ತಡೆದು, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ಮೇಲೆ ನೋಡಿದರು. "ನಾನೇ ಎಣಿಸಿದ್ದು ಅಂತ ಬರಿ."